ಸಣ್ಣ ಫ್ಲ್ಯಾಟಿಗೆ ಶೇಕರ್ ಫರ್ನಿಚರ್ ಮಾಡಿಸೋದಾದರೆ ಮೊದಲು ಗೋಡೆ ನೋಡಿ

ನೀವು ಕೇಳಿರೋದು ಇಷ್ಟು: ಬೆಂಗಳೂರಲ್ಲಿ 600 ಚದರಡಿಯ ಬಾಡಿಗೆ ಫ್ಲ್ಯಾಟು, ಒಂದೇ ಬೆಡ್‌ರೂಮು, ಶೇಕರ್ ಶೈಲಿಯ ಮರದ ಫರ್ನಿಚರ್ ಇಷ್ಟ, ಬಡಗಿ ಹತ್ತಿರ ಮೊದಲು ಏನು ಮಾಡಿಸಬೇಕು? ನಾನು ಹೇಳೋದು, ಗೋಡೆಗೆ ಗೂಟದ ಪಟ್ಟಿ, ಅಂದರೆ ಸಾಲಾಗಿ ಗೂಟ ಕೂರಿಸಿದ ಮರದ ಪಟ್ಟಿ. ಬೀರು, ಮಂಚ, ಟೇಬಲ್ಲು ಎಲ್ಲ ಆಮೇಲೆ.

ಮಾಡ್ಯುಲರ್ ಕಿಚನ್ ಅಂಗಡಿಗೆ ಹೋದರೆ ಸುತ್ತ ಚೌಕಟ್ಟು, ಮಧ್ಯೆ ಚಪ್ಪಟೆ ಹಲಗೆ ಇರುವ ಬಾಗಿಲು ತೋರಿಸಿ ಇದೇ ಶೇಕರ್ ಅನ್ನುತ್ತಾರೆ. ಆ ಬಾಗಿಲು ಇಡೀ ಕಥೆಯ ಒಂದು ಸಣ್ಣ ತುಂಡು ಅಷ್ಟೇ. ಶೇಕರ್ ಅಂದರೆ ಒಂದು ಕ್ರೈಸ್ತ ಪಂಗಡ. 1774ರಲ್ಲಿ ಆನ್ ಲೀ ಅನ್ನುವವರು ಕೆಲವೇ ಜನ ಅನುಯಾಯಿಗಳ ಜೊತೆ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದರು, ಅಲ್ಲಿ ಇದು ಬೆಳೆಯಿತು. ಶೇಕರ್ ಪಂಗಡದವರು ಮದುವೆ ಆಗುತ್ತಿರಲಿಲ್ಲ, ಆಸ್ತಿ ಎಲ್ಲರದ್ದೂ ಒಂದೇ, ವಾಸವೂ ಒಟ್ಟಿಗೆ. ಮ್ಯಾಸಚೂಸೆಟ್ಸ್‌ನ ಹ್ಯಾನ್‌ಕಾಕ್‌ನಲ್ಲಿ 1830ರ ಸುಮಾರಿಗೆ ಕಟ್ಟಿದ ಇಟ್ಟಿಗೆ ಮನೆಯಲ್ಲಿ ಹತ್ತಿರ ಹತ್ತಿರ ನೂರು ಜನ ಇರುತ್ತಿದ್ದರು, ಅದರ ಗೋಡೆಗಳ ಒಳಗೇ 369 ಡ್ರಾಯರ್‌ಗಳಿವೆ. ಅಷ್ಟು ಜನ ಇರೋ ಕಡೆ ನೆಲ ಖಾಲಿ ಇದ್ದರೇ ಗುಡಿಸೋಕೆ, ಓಡಾಡೋಕೆ ಸಾಧ್ಯ ಅಲ್ವಾ? ಅದಕ್ಕೇ ಕೋಣೆಯ ಸುತ್ತ ಗೂಟದ ಪಟ್ಟಿ ಹೊಡೆದು ಟೋಪಿ, ಬಟ್ಟೆ, ಕೊನೆಗೆ ಕುರ್ಚಿಯನ್ನೂ ಅದಕ್ಕೇ ನೇತು ಹಾಕುತ್ತಿದ್ದರು. ಕುರ್ಚಿಯನ್ನು ತಲೆಕೆಳಗಾಗಿ ಹಾಕಿದರೆ ಕೂರುವ ಜಾಗದ ಮೇಲೆ ಧೂಳು ಕೂರುವುದಿಲ್ಲ. ಮಂಚಕ್ಕೂ ಮರದ ಗಾಲಿ, ಎಳೆದು ಗುಡಿಸಲಿಕ್ಕೆ.

ಸಣ್ಣ ಫ್ಲ್ಯಾಟಿಗೆ ಬೇಕಾಗಿರೋದು ಇದೇ. ನಮ್ಮ ಹಳೇ ಮನೆಗಳಲ್ಲಿ ಗಿಳಿಗೂಟ ಇರುತ್ತಿತ್ತು, ಅಂಗಿ ಪಂಚೆ ಎಲ್ಲ ಅಲ್ಲೇ. ಅದನ್ನೇ ಉದ್ದಕ್ಕೆ ಒಂದು ಸಾಲಾಗಿ ಮಾಡಿದರೆ ಶೇಕರ್ ಪಟ್ಟಿ.

ಪಟ್ಟಿಯನ್ನು ಹೀಗೆ ಮಾಡಿಸಿ. ಮೂರೂವರೆ ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ ಮರ, ನೆಲದಿಂದ ಹೆಚ್ಚುಕಮ್ಮಿ ಆರಡಿ ಎತ್ತರದಲ್ಲಿ, ಮನೆಯಲ್ಲಿ ಕುಳ್ಳಗಿರುವವರ ಕೈಗೆ ಎಟುಕುವ ಹಾಗೆ. ಎಂಟೊಂಬತ್ತು ಇಂಚಿಗೆ ಒಂದು ಗೂಟ. ಗೂಟ ಹೊರಗೆ ಮೂರು ಇಂಚು ಚಾಚಿರಲಿ, ತುದಿ ದುಂಡಗೆ, ಅದರ ಹಿಂದೆ ಕತ್ತು ಸಣ್ಣಗೆ, ಮುಖ ಚೂರು ಮೇಲಕ್ಕೆ ಇರಲಿ, ಇಲ್ಲದಿದ್ದರೆ ಚೀಲ ಜಾರುತ್ತದೆ. ಗೂಟವನ್ನು ಮರ ತಿರುಗಿಸುವ ಯಂತ್ರವಾದ ಲೇತ್‌ನಲ್ಲಿ ಕಡೆಯಬೇಕು. ಬೆಂಗಳೂರಿನ ಬಡಗಿಗಳಲ್ಲಿ ಎಲ್ಲರ ಹತ್ತಿರವೂ ಲೇತ್ ಇರುವುದಿಲ್ಲ, ಆದರೆ ಮೈಸೂರು ರಸ್ತೆಯಲ್ಲಿ ಹೊರಟರೆ ಚನ್ನಪಟ್ಟಣ, ಅಲ್ಲಿ ಮರ ಕಡೆಯುವವರಿಗೆ ಇದು ನೀರು ಕುಡಿದಷ್ಟು ಸುಲಭ. ಒಂದು ವಿಷಯ ಮಾತ್ರ ನೆನಪಿರಲಿ: ಬೊಂಬೆಗೆ ಬಳಸುವ ಆಲೆಮರ ಮೆದು, ಡ್ರಾಯರ್ ಹಿಡಿಗೆ ಚೆನ್ನ. ಕುರ್ಚಿ ತೂಗುವ ಗೂಟಕ್ಕೆ ತೇಗ, ಮತ್ತಿ ಥರ ಗಟ್ಟಿ ಮರ ಕೊಟ್ಟು ಕಡೆಸಿ.

ಭಾರ ಹೊರೋದು ಗೋಡೆ, ಹಾಗಾಗಿ ಪಟ್ಟಿಯ ಸ್ಕ್ರೂ ಪ್ಲಾಸ್ಟರಿಗೆ ನಿಲ್ಲದೆ ಒಳಗಿನ ಬ್ಲಾಕಿನವರೆಗೆ ಹೋಗಬೇಕು. ಟೊಳ್ಳು ಬ್ಲಾಕಿನ ಗೋಡೆಯಾದರೆ ಅದಕ್ಕೆ ಅಂತಲೇ ಬರುವ, ತೂತಿನೊಳಗೆ ಸ್ಕ್ರೂ ಹಿಡಿದಿಡುವ ಆ್ಯಂಕರ್ ಕೇಳಿ ತನ್ನಿ. ಹೊಸ ಅಪಾರ್ಟ್‌ಮೆಂಟ್‌ಗಳ ಕಾಂಕ್ರೀಟ್ ಗೋಡೆಗೆ ಹ್ಯಾಮರ್ ಡ್ರಿಲ್ ಬೇಕು. ಓನರನ್ನು ಮೊದಲೇ ಕೇಳಿ, ಖಾಲಿ ಮಾಡುವಾಗ ತೂತು ಪುಟ್ಟಿ ಹಾಕಿ ಮುಚ್ಚುತ್ತೇವೆ ಅಂದರೆ ತುಂಬಾ ಜನ ಒಪ್ಪುತ್ತಾರೆ. ಪಟ್ಟಿಯನ್ನು ನಾಲ್ಕಡಿ ತುಂಡುಗಳಾಗಿ ಮಾಡಿಸಿದರೆ ಮುಂದಿನ ಮನೆಗೂ ಒಯ್ಯಬಹುದು.

ನಮ್ಮನೆಯಲ್ಲಿ ಹಾಲ್‌ನ ಒಂದು ಗೋಡೆಗೆ ಇದೇ ಇದೆ. ಊರಿಂದ ನಾಲ್ಕು ಜನ ಬಂದರೆ ಕುರ್ಚಿಗಳು ಮೇಲೆ, ಹಾಸಿಗೆ ಕೆಳಗೆ. ಬ್ಯಾಗು, ಛತ್ರಿ, ಪೊರಕೆ, ಹೆಲ್ಮೆಟ್ ಎಲ್ಲ ಗೂಟದಲ್ಲೇ ಇರೋದರಿಂದ ಬಾಗಿಲ ಹತ್ತಿರ ಒಂದು ಸ್ಟ್ಯಾಂಡೂ ಬೇಕಾಗಿಲ್ಲ.

ಆಮೇಲೆ ಟೇಬಲ್ಲು. ಪಕ್ಕದ ಹಲಗೆಗಳನ್ನು ರೆಕ್ಕೆ ಹಾಗೆ ಕೆಳಕ್ಕೆ ಮಡಚುವ ಟೇಬಲ್ ಶೇಕರ್‌ಗಳೂ ಮಾಡುತ್ತಿದ್ದರು. ಮಡಚಿದಾಗ ಒಂದೂಕಾಲಡಿ ಅಗಲ ಗೋಡೆಗೆ ತಾಗಿಕೊಂಡಿರಲಿ, ತೆರೆದರೆ ನಾಲ್ಕು ತಟ್ಟೆ ಹಿಡಿಯಲಿ.

ಬೀರು ಮಾಡಿಸುವಾಗ ಆ ಬಾಗಿಲಿನ ವಿಷಯ ಬರುತ್ತದೆ, ಇಲ್ಲಿ ದಯವಿಟ್ಟು ಗಟ್ಟಿಯಾಗಿ ನಿಲ್ಲಿ. ಮರ ಮಳೆಗಾಲದಲ್ಲಿ ತೇವ ಕುಡಿದು ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಅಷ್ಟು ಬದಲಾಗುವುದಿಲ್ಲ. ಅದಕ್ಕೇ ಚೌಕಟ್ಟಿನ ಒಳಅಂಚಿನ ಉದ್ದಕ್ಕೂ ಸಣ್ಣ ಕಾಲುವೆಯ ಹಾಗೆ ತೋಡಿ, ಮಧ್ಯದ ಹಲಗೆಯನ್ನು ಅಂಟು ಹಾಕದೆ ಸುಮ್ನೆ ಅದರೊಳಗೆ ಕೂರಿಸಬೇಕು, ಸುತ್ತ ಒಂದೆರಡು ಮಿಲಿಮೀಟರ್ ಸಡಿಲ ಬಿಟ್ಟು. ಹಲಗೆ ಒಳಗೊಳಗೇ ಹಿಗ್ಗಿ ಕುಗ್ಗುತ್ತದೆ, ಬಾಗಿಲಿನ ಅಳತೆ ಕೆಡುವುದಿಲ್ಲ. ಗಟ್ಟಿಯಾಗಲಿ ಅಂತ ಬಡಗಿ ಫೆವಿಕಾಲ್ ಹಚ್ಚಲು ಹೋದರೆ ತಡೆಯಿರಿ, ಅಂಟಿಸಿದ ಹಲಗೆ ಒಂದಲ್ಲ ಒಂದು ದಿನ ಸೀಳುತ್ತದೆ. ಎಂಡಿಎಫ್, ಅಂದರೆ ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆಯಲ್ಲಿ ಗೆರೆ ಕೊರೆದು ಬಣ್ಣ ಹೊಡೆದ ಬಾಗಿಲು ನೋಡೋಕೆ ಹೀಗೇ ಇರುತ್ತದೆ, ಆದರೆ ಸಿಂಕಿನ ಕೆಳಗೆ ನೀರು ಸೋರಿದರೆ ಅದು ಉಬ್ಬುತ್ತದೆ.

ಯಾವ ಮರ? ಶೇಕರ್‌ಗಳು ತಮ್ಮ ಕಡೆ ಸಿಗುವ ಪೈನ್, ಮೇಪಲ್, ಚೆರ್ರಿ ಬಳಸಿದರು. ನೀವೂ ಇಲ್ಲಿ ಸಿಗೋದನ್ನೇ ತಗೊಳ್ಳಿ, ಆ ಮರಗಳನ್ನೇ ತರಿಸಬೇಕು ಅಂತ ದುಡ್ಡು ಸುರಿಯಬೇಡಿ. ತೇಗ ಎಲ್ಲದಕ್ಕೂ ಒಳ್ಳೆಯದು ಆದರೆ ದುಬಾರಿ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಂದ ಬರುವ ಸಿಲ್ವರ್ ಓಕ್ ಹಗುರ, ಬಣ್ಣವೂ ತಿಳಿ, ಬಾಗಿಲು ಶೆಲ್ಫಿಗೆ ನನಗೆ ಇದು ಜಾಸ್ತಿ ಇಷ್ಟ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿಗೆ ಹೋಗುವಾಗ ಬಡಗಿಯನ್ನೂ ಕರೆದುಕೊಂಡು ಹೋಗಿ, ತೇವ ಅಳೆಯುವ ಮೀಟರ್ ಇಟ್ಟು ತೋರಿಸಿ ಅಂತ ಕೇಳಿ. 12 ಪರ್ಸೆಂಟ್ ಒಳಗಿದ್ದರೆ ನಿಶ್ಚಿಂತೆಯಿಂದ ತಗೊಳ್ಳಿ. ಹಸಿ ಮರವಾದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಮರದ ಬಣ್ಣವೇ ಕಾಣಬೇಕು ಅನ್ನೋ ಕಟ್ಟುಪಾಡೇನೂ ಇಲ್ಲ. ಮೂಲ ಶೇಕರ್ ಸಾಮಾನುಗಳಲ್ಲಿ ಎಷ್ಟೋ ಹಳದಿ, ಕೆಂಪು, ನೀಲಿ ಬಣ್ಣ ಬಳಿದಂಥವು. ಬೆಳಕು ಕಮ್ಮಿ ಇರುವ ರೂಮಾದರೆ ಹಳದಿ ತುಂಬಾ ಚೆನ್ನಾಗಿರುತ್ತದೆ.

ಕೆಳಗೆ ಪೆಟ್ಟಿಗೆ ಇರುವ ಮಂಚ ಬೇಡ ಅಂತ ನನ್ನ ಸಲಹೆ. ಭಾರ, ಕೆಳಗೆ ಗುಡಿಸೋಕಾಗಲ್ಲ, ಮನೆ ಬದಲಿಸುವಾಗ ಲಿಫ್ಟಿಗೂ ಹಿಡಿಸಲ್ಲ. ಕಾಲಿರುವ, ಬೋಲ್ಟ್ ಬಿಚ್ಚಿ ಒಯ್ಯಬಹುದಾದ ಮಂಚ ಮಾಡಿಸಿ, ಕೆಳಗೆ ಗಾಲಿ ಇರುವ ಎರಡು ಪೆಟ್ಟಿಗೆ ಬೇಕಾದರೆ ತಳ್ಳಿ. ನಿಮ್ಮ ಹಾಲ್‌ನಲ್ಲಿ ಕಿಟಕಿ ಇಲ್ಲದ ಗೋಡೆ ಎಷ್ಟು ಉದ್ದ ಇದೆ ಅಂತ ತಿಳಿಸಿದರೆ ಗೂಟ ಎಷ್ಟು ಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.