ಬೇಡವೆನ್ನುವ ಹಕ್ಕು: ಒಂದು ಆಪ್ತಸಲಹೆ ಪ್ರಕರಣ

ಮೂವತ್ತು ದಾಟಿದ ಈ ಮಹಿಳೆ ದೊಡ್ಡ ತಂಡವೊಂದರ ಮುಖ್ಯಸ್ಥೆ. (ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆ ಇದೆ.) ನಿದ್ದೆ ಬರುತ್ತಿಲ್ಲ, ಮನೆಯಿಂದ ಹೊರಡುವುದು ದಿನೇ ದಿನೇ ತಡವಾಗುತ್ತಿದೆ ಎಂದು ನನ್ನಲ್ಲಿಗೆ ಬಂದಿದ್ದರು. ಕನ್ನಡಿಯ ಮುಂದೆ ಎಷ್ಟು ಹೊತ್ತು ಕುಳಿತರೂ ಮುಖ ಸಿದ್ಧವಾಯಿತು ಎನಿಸುತ್ತಿರಲಿಲ್ಲ. ಇದರ ನಡುವೆ ಪತಿ ಆಡಿದ ಮಾತು ಚುಚ್ಚಿತ್ತು: ‘ನಿನ್ನದು ಸದಾ ನಾಟಕ. ನಿಜವಾದ ನೀನು ಯಾರು?’ ಈ ಪ್ರಶ್ನೆಗೆ ತಮ್ಮಲ್ಲಿ ಉತ್ತರವಿಲ್ಲ ಎಂಬುದೇ ಅವರನ್ನು ಕಂಗೆಡಿಸಿತ್ತು.

ಅವರ ಮೊಬೈಲ್‌ನಲ್ಲಿ ಹಾಲಿವುಡ್ ನಟಿ ಮರ್ಲಿನ್ ಮನ್ರೊಳ ರಾಶಿ ರಾಶಿ ಚಿತ್ರಗಳಿದ್ದವು, ಹದಿಹರೆಯದಿಂದ ಕೂಡಿಟ್ಟವು. ಅರೆಮುಚ್ಚಿದ ಕಣ್ಣು, ತುಸು ತೆರೆದ ತುಟಿ, ಹಿಂದಕ್ಕೆ ಬಾಗಿದ ಕತ್ತು. ಅದೇ ಭಂಗಿಯಲ್ಲಿ ತಮ್ಮ ಚಿತ್ರ ತೆಗೆದುಕೊಂಡು, ಬಹುತೇಕ ಎಲ್ಲವನ್ನೂ ಅಳಿಸಿಬಿಡುತ್ತಿದ್ದರು. ‘ಅವಳಿಗೆ ಅದು ಹುಟ್ಟಿನಿಂದ ಬಂದಿತ್ತು, ನನ್ನದು ನಕಲು’ ಎಂದರು.

ಆ ಚಿತ್ರಗಳನ್ನು ಒಟ್ಟಿಗೆ ನೋಡೋಣ ಎಂದೆ. ಹುಟ್ಟಿನಿಂದ ಬಂದದ್ದೆಂದು ಅವರು ನಂಬಿದ್ದರಲ್ಲಿ ಹೆಚ್ಚಿನದು ದುಡಿಮೆ. ಮನ್ರೊ ಮೊದಲು ನಾರ್ಮಾ ಜೀನ್ ಎಂಬ ಹೆಸರಿನ, ಯುದ್ಧಕಾಲದ ಕಾರ್ಖಾನೆಯೊಂದರ ಕೆಲಸಗಾರ್ತಿ. ಸೇನೆಯ ಛಾಯಾಗ್ರಾಹಕನ ಕಣ್ಣಿಗೆ ಬಿದ್ದದ್ದು ಅಲ್ಲಿಯೇ. ಗುಂಗುರು ಕಂದುಗೂದಲು ಹೊಂಬಣ್ಣಕ್ಕೆ ತಿರುಗಿದ್ದು ಆಮೇಲೆ, ಮಾಡೆಲಿಂಗ್ ದಿನಗಳಲ್ಲಿ. ಹೊಸ ಹೆಸರು ಬಂದದ್ದು 1946ರಲ್ಲಿ, ಸಿನಿಮಾ ಸ್ಟುಡಿಯೊದ ಒಪ್ಪಂದದೊಂದಿಗೆ. ಗಾಳಿಗೆ ಬಿಳಿ ಲಂಗ ಹಾರುವ ಚಿತ್ರವಂತೂ 1954ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಬೀದಿಯಲ್ಲಿ, ಛಾಯಾಗ್ರಾಹಕರ ಮತ್ತು ನೆರೆದ ಜನರ ಗದ್ದಲದ ನಡುವೆ ಮತ್ತೆ ಮತ್ತೆ ಮಾಡಿದ ಅಭಿನಯ. ಇದನ್ನೆಲ್ಲ ಕೇಳಿ ಅವರು ನಿರಾಶರಾಗಲಿಲ್ಲ, ನಿರಾಳರಾದರು.

ನಾವು ಹೆಚ್ಚು ಹೊತ್ತು ನೋಡಿದ್ದು 1957ರಲ್ಲಿ ಛಾಯಾಗ್ರಾಹಕ ರಿಚರ್ಡ್ ಅವೆಡನ್ ತೆಗೆದ ಅವಳ ಚಿತ್ರವನ್ನು. ಮಿನುಗುವ ಉಡುಪು, ಎತ್ತಲೋ ನೆಟ್ಟ ನೋಟ. ಗಂಟೆಗಟ್ಟಲೆ ಕುಣಿದು ಹಾಡಿ ದಣಿದ ಮೇಲೆ ಸಿಕ್ಕ ಮುಖ. ‘ಇವಳೇ ನಿಜವಾದವಳು’ ಎಂದರು. ನಾನು ಒಪ್ಪಲಿಲ್ಲ. ದಣಿದ ಮುಖ ನಿಜ, ಕುಣಿದ ಮುಖ ಸುಳ್ಳು ಎಂದರೆ ಪತಿಯ ಪ್ರಶ್ನೆಗೇ ತಲೆಬಾಗಿದಂತೆ. ಅವಳ ಅರಿವಿಲ್ಲದೆ ಆ ಚಿತ್ರ ತೆಗೆಯಲಿಲ್ಲ, ಹತ್ತಿರ ಹೋದಾಗ ಅವಳು ಬೇಡವೆನ್ನಲಿಲ್ಲ ಎಂದು ಅವೆಡನ್ ಹೇಳಿದ್ದಾರೆ. ನನಗೆ ಮುಖ್ಯವಾದದ್ದು ಆ ಒಪ್ಪಿಗೆ. 1962ರಲ್ಲಿ ಬರ್ಟ್ ಸ್ಟರ್ನ್ ತೆಗೆದ ಚಿತ್ರಗಳಲ್ಲಿ ಹಿಡಿಸದವುಗಳ ಮೇಲೆ ಮನ್ರೊ ಕಾಟು ಹಾಕಿದ್ದಳು. ಅವಳು ಸತ್ತ ಮೇಲೆ ಕಾಟು ಸಮೇತ ಅವೂ ಪ್ರಕಟವಾದವು. ಅವನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಶೃಂಗಾರದ ಅಭಿನಯದಲ್ಲಿ ತಪ್ಪಿಲ್ಲ. ಸಾಕು ಎಂದವಳ ಮಾತು ನಡೆಯದಿದ್ದದ್ದು ತಪ್ಪು.

ಈ ಮಹಿಳೆಗೆ ‘ಸಾಕು’ ಎನ್ನಲು ಆಗದಿದ್ದ ಜಾಗ ಕಚೇರಿ. ಸಭೆಯಲ್ಲಿ ದಿಟ್ಟವಾಗಿ ವಾದಿಸಿದ ಮರುಗಳಿಗೆಯೇ ದನಿ ತಗ್ಗಿಸಿ, ಎಳೆಯ ಹುಡುಗಿಯಂತೆ ನಗುತ್ತಿದ್ದರು. ಮನೋವಿಶ್ಲೇಷಕಿ ಜೋನ್ ರಿವಿಯರ್ 1929ರಲ್ಲಿಯೇ ಇಂಥ ಒಬ್ಬಳ ಬಗ್ಗೆ ಬರೆದಿದ್ದರು: ಚೆನ್ನಾಗಿ ಭಾಷಣ ಮಾಡಿ ಮುಗಿಸಿದೊಡನೆ ಹಿರಿಯ ಗಂಡಸರ ಮೆಚ್ಚುಗೆಗಾಗಿ ಬಿನ್ನಾಣ ತೋರುವವಳು, ಸಾಮರ್ಥ್ಯ ತೋರಿದ್ದಕ್ಕೆ ಶಿಕ್ಷೆಯಾದೀತೆಂಬ ಅಂಜಿಕೆ ಒಳಗೆ. ‘ಇದು ನಾನೇ’ ಎಂದು ಅವರು ಅತ್ತರು.

ಅವರು ಪ್ರಸಾಧನವನ್ನೇ ತ್ಯಜಿಸುವ ಶಪಥ ಮಾಡಿ ಬಂದಿದ್ದರು. ಬೇಡವೆಂದೆ, ಅದೂ ಇನ್ನೊಬ್ಬರನ್ನು ಮೆಚ್ಚಿಸುವ ಪಾತ್ರವೇ ಆಗುತ್ತಿತ್ತು. ಬದಲಿಗೆ, ಅಭಿಪ್ರಾಯ ಹೇಳಿದ ಮೇಲೆ ನಗು ಸೇರಿಸದೆ ಸುಮ್ಮನಿರಿ, ಏನು ಕೆಡುಕಾದೀತೆಂದು ಅಂಜಿದ್ದಿರಿ, ಏನಾಯಿತು ಎಂಬುದನ್ನು ಅಂದೇ ಬರೆದಿಡಿ ಎಂದೆ. ಯಾವ ಸಿದ್ಧತೆಯೂ ಇಲ್ಲದೆ ಒಬ್ಬರನ್ನು ಕಾಣಬೇಕು, ಆ ಒಬ್ಬರು ಯಾರೆಂದು ನೀವೇ ಆರಿಸಿ ಎಂದೆ. ಅವರು ಅಕ್ಕನನ್ನು ಆರಿಸಿದರು. ಕನ್ನಡಿಯ ಮುಂದೆ ಗಂಟೆಗಟ್ಟಲೆ ಕಳೆಯುವುದು ನಿಲ್ಲದಿದ್ದರೆ, ಊಟ ಬಿಡುವ ಮಟ್ಟಕ್ಕೆ ಹೋದರೆ ಮನೋವೈದ್ಯರನ್ನು ಕಾಣಲೇಬೇಕು ಎಂದೂ ತಿಳಿಸಿದೆ. ಪತಿಯನ್ನೂ ಕರೆಸಿ, ಪತ್ನಿಯ ‘ನಿಜ’ವನ್ನು ತೀರ್ಪು ಮಾಡುವ ಕೆಲಸ ಬಿಟ್ಟು, ಯಾವಾಗ ದಣಿದಿದ್ದಾಳೆಂದು ಕೇಳಿರಿ ಎಂದೆ. ಮೊದಲು ಮುನಿದರು, ಆಮೇಲೆ ಕೇಳತೊಡಗಿದರು.

ಈಗ ನಿದ್ದೆ ಸುಧಾರಿಸಿದೆ. ಅವರು ಕೆಂಪು ತುಟಿಬಣ್ಣ ಹಚ್ಚುತ್ತಾರೆ, ಇಷ್ಟವಿಲ್ಲದ ದಿನ ಬಿಡುತ್ತಾರೆ. ಒಬ್ಬ ಮೇಲಧಿಕಾರಿಯ ಮುಂದೆ ಮಾತ್ರ ಆ ಎಳೆನಗು ಇನ್ನೂ ಬರುತ್ತದೆ. ಸದ್ಯ ನಾವು ಅದರ ಮೇಲೆಯೇ ಕೆಲಸ ಮಾಡುತ್ತಿದ್ದೇವೆ.