ಗಲ್ಲೆಯಲ್ಲಿ ಕೂತವರ ಆದಾಯ ಪ್ರಮಾಣಪತ್ರ

(ಹೆಸರು, ಊರು, ವಿವರ ಬದಲಿಸಿದ್ದೇನೆ. ಮೊತ್ತಗಳನ್ನೂ ಸ್ವಲ್ಪ ಆಚೀಚೆ ಮಾಡಿದ್ದೇನೆ.)

ಹುಡುಗ ನನ್ನ ಬಳಿ ಆಪ್ತಸಲಹೆಗೆ ಬಂದದ್ದು ನಿದ್ದೆ ಬರುವುದಿಲ್ಲ ಎಂದು. ಧೀರಜ್ ಅನ್ನೋಣ. ಹದಿನೆಂಟು ವರ್ಷ, ಮುಂಬಯಿಯ ಮುಲುಂಡ್ ಕಡೆ ಚಾಳಿನಲ್ಲಿ ಮನೆ. ಎಮ್‌ಎಚ್‌ಟಿ ಸಿಇಟಿ (ಮಹಾರಾಷ್ಟ್ರದ ಪ್ರವೇಶ ಪರೀಕ್ಷೆ) ಬರೆದು ಕ್ಯಾಪ್ (ಸರ್ಕಾರದ ಕೇಂದ್ರೀಕೃತ ಪ್ರವೇಶ) ಸುತ್ತಿನಲ್ಲೇ ಎಂಜಿನಿಯರಿಂಗ್ ಸೀಟು ಹಿಡಿದಿದ್ದ. ಮನೆಯಲ್ಲಿ ಹೋಳಿಗೆ ಆಗಬೇಕಾಗಿದ್ದ ಹೊತ್ತಿನಲ್ಲಿ ಇವನು ರಾತ್ರಿ ಎರಡರವರೆಗೆ ಫೋನಿನಲ್ಲಿ ಸರ್ಕಾರಿ ವಿದ್ಯಾರ್ಥಿವೇತನದ ಮಹಾಡಿಬಿಟಿ ಪೋರ್ಟಲ್‌ನ ಒಂದೇ ಪುಟ ತೆರೆದುಕೊಂಡು ಕೂರುತ್ತಿದ್ದ. ಅರ್ಜಿ ಮುಕ್ಕಾಲು ತುಂಬಿತ್ತು. ನಿಂತದ್ದು ಆದಾಯ ಪ್ರಮಾಣಪತ್ರದ ನಂಬರ್ ಕೇಳುವಲ್ಲಿ.

"ಅಪ್ಪ ಮಾಡಿಸುವುದಿಲ್ಲ ಅಂತಾರೆ."

"ಯಾಕೆ?"

ಉತ್ತರದ ಬದಲು ಫೋನಿನಲ್ಲಿ ಒಂದು ಫೋಟೋ ತೋರಿಸಿದ. ಉಡುಪಿ ಕಡೆಯ ಅವರ ಊರಿನ ದೇವಸ್ಥಾನದಲ್ಲಿ 2018ರ ಬ್ರಹ್ಮಕಲಶೋತ್ಸವಕ್ಕೆ ಹಾಕಿಸಿದ ಕರಿಕಲ್ಲಿನ ಫಲಕ. ದಾನಿಗಳ ಪಟ್ಟಿಯಲ್ಲಿ ಏಳನೆಯ ಹೆಸರು ಅಪ್ಪನದು. ಪಕ್ಕದಲ್ಲಿ: ಹೋಟೆಲ್ ಉದ್ಯಮಿ, ಮುಂಬಯಿ. ₹25,001.

ಕೆತ್ತಿಸಿದ ವರ್ಷ ಅದು ಸುಳ್ಳಾಗಿರಲಿಲ್ಲ. ಆಗ ಅವರು ಭಾಂಡುಪ್‌ನಲ್ಲಿ ಒಂದು ಸಣ್ಣ ಹೋಟೆಲನ್ನು ಕಂಡಕ್ಟಿಂಗಿಗೆ, ಅಂದರೆ ಡಿಪಾಸಿಟ್ ಕೊಟ್ಟು ತಾವೇ ನಡೆಸುವ ಗುತ್ತಿಗೆಗೆ, ತೆಗೆದುಕೊಂಡಿದ್ದರು. 2020ರ ಲಾಕ್‌ಡೌನಿನಲ್ಲಿ ಡಿಪಾಸಿಟ್ಟೂ ಹೋಯಿತು, ಹೋಟೆಲೂ ಹೋಯಿತು. ಈಗ ಇನ್ನೊಬ್ಬರ ಹೋಟೆಲಿನ ಗಲ್ಲೆಯಲ್ಲಿ (ಹಣ ತೆಗೆದುಕೊಳ್ಳುವ ಕೌಂಟರಿನಲ್ಲಿ) ಕೂರುತ್ತಾರೆ, ತಿಂಗಳಿಗೆ 22,000 ಸಂಬಳಕ್ಕೆ. ಊರಿನಿಂದ ಬಂದವರು ಗಲ್ಲೆಯಲ್ಲಿ ಕೂತವರನ್ನು ನೋಡಿ ಯಜಮಾನರೆಂದೇ ತಿಳಿಯುತ್ತಾರೆ. ಯಾರೂ ತಿದ್ದಿಲ್ಲ.

ಯೋಜನೆಯ ಬಗ್ಗೆ ಹುಡುಗನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ರಾಜರ್ಷಿ ಛತ್ರಪತಿ ಶಾಹೂ ಮಹಾರಾಜ್ ಶಿಕ್ಷಣ ಶುಲ್ಕ ಶಿಷ್ಯವೃತ್ತಿ, ಬಾಯಿಮಾತಿನಲ್ಲಿ ಇಬಿಸಿ (ಆರ್ಥಿಕವಾಗಿ ಹಿಂದುಳಿದವರದು). ಸಾಮಾನ್ಯ ವರ್ಗದ, ಕುಟುಂಬದ ವರಮಾನ ವರ್ಷಕ್ಕೆ 8 ಲಕ್ಷ ಮೀರದ, ಕ್ಯಾಪ್ ಮೂಲಕ ಸೀಟು ಪಡೆದ ಹುಡುಗನಿಗೆ ಬೋಧನಾ ಶುಲ್ಕದಲ್ಲಿ ಅರ್ಧವನ್ನು ಮಹಾರಾಷ್ಟ್ರ ಸರ್ಕಾರ ಕೊಡುತ್ತದೆ. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಇಲ್ಲ. ಒಂದು ಮನೆಯಿಂದ ಇಬ್ಬರು ಮಕ್ಕಳಿಗೆ ಮಾತ್ರ. ಎಲ್ಲವನ್ನೂ ಬೆರಳು ಮಡಚಿ ಹೇಳಿದ. ಕಡೆಗೆ ತಲೆ ತಗ್ಗಿಸಿ ಇನ್ನೊಂದು ಹೇಳಿದ: ಒಬ್ಬ ಏಜೆಂಟ್ 1,500 ಕೊಟ್ಟರೆ ಅಪ್ಪನ ಸಹಿ ಇಲ್ಲದೆಯೇ ದಾಖಲೆ ತಂದುಕೊಡುತ್ತಾನಂತೆ.

ಅವನ ನಿದ್ದೆ ಕೆಡಿಸಿದ್ದು ಪೋರ್ಟಲ್ ಅಲ್ಲ, ಇದು. ಆ ದಿನ ಅವನಿಗೆ ಹೇಳಿದ್ದು ಇಷ್ಟೇ: ಏಜೆಂಟನ ನಂಬರ್ ಈಗಲೇ ಅಳಿಸು. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಹಣ ವಾಪಸು ಕಟ್ಟುವುದಕ್ಕೇ ಮುಗಿಯುವುದಿಲ್ಲ, ಪೊಲೀಸ್ ಕೇಸಾದೀತು. ಅಪ್ಪನ ಬೆನ್ನಿನ ಹಿಂದೆ ಏನೂ ಮಾಡಬೇಡ. ಅವರನ್ನು ಒಪ್ಪಿಸುವ ಕೆಲಸ ನಿನ್ನದಲ್ಲ. ಅಪ್ಪನನ್ನು ಒಮ್ಮೆ ಕರೆದುಕೊಂಡು ಬಾ, ಇಲ್ಲಿ ಬಿಟ್ಟು ಹೊರಗೆ ಹೋಗು.

ಮೊದಲ ಸಲ ಅಪ್ಪ ಬಂದಾಗ ನಾನು ಕೆಡಿಸಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. "ಬಂದು ಮೂವತ್ತೈದು ವರ್ಷ ಆಯ್ತು ಮೇಡಮ್, ಯಾರ ಮುಂದೆಯೂ ಕೈ ಚಾಚಿದವನಲ್ಲ," ಎಂದರು. "ಇದರಲ್ಲಿ ನಾಚಿಕೆ ಏನಿದೆ?" ಎಂದುಬಿಟ್ಟೆ. ಅಷ್ಟು ಹೊತ್ತು ನಾಚಿಕೆಯ ಸುದ್ದಿಯನ್ನೇ ಅವರು ಎತ್ತಿರಲಿಲ್ಲ. ಚಹಾ ಅರ್ಧಕ್ಕೇ ಬಿಟ್ಟು, "ನಿಮಗೆ ಎಂತ ಗೊತ್ತುಂಟು," ಎಂದು ಎದ್ದು ಹೋದರು. ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಆದರೂ ಸಮಾಧಾನ ಹೇಳುವ ಆತುರ ಇನ್ನೂ ಹೋಗಿಲ್ಲ.

ಎರಡನೆಯ ಸಲ ಬಂದದ್ದು ಹೆಂಡತಿಯ ಒತ್ತಾಯಕ್ಕೆ. ಈ ಸಲ ನಾನು ವಿದ್ಯಾರ್ಥಿವೇತನದ ಮಾತೇ ತೆಗೆಯಲಿಲ್ಲ. ಕಂಡಕ್ಟಿಂಗ್ ಮಾಡುತ್ತಿದ್ದ ವರ್ಷಗಳ ಬಗ್ಗೆ ಕೇಳಿದೆ. ಮುಕ್ಕಾಲು ಗಂಟೆ ಮಾತಾಡಿದರು. ಹದಿನೈದನೆಯ ವಯಸ್ಸಿಗೆ ಬಂದು ಲೋಟ ತೊಳೆದದ್ದು, ಹೋಟೆಲ್ ಬಾಗಿಲು ಹಾಕಿದ ಮೇಲೆ ಕನ್ನಡ ರಾತ್ರಿ ಶಾಲೆಗೆ ಓಡಿದ್ದು, ಬೆಂಚಿನ ಮೇಲೇ ನಿದ್ದೆ ಹೋದದ್ದು, ಎಸ್ಸೆಸ್ಸಿ ಅರ್ಜಿಯನ್ನು ಮೇಷ್ಟರೇ ತುಂಬಿಕೊಟ್ಟದ್ದು. ಮಾರ್ಚ್ 2020ರ ಆ ವಾರದ ಬಗ್ಗೆ ಹೇಳುವಾಗ ಸ್ವರ ಸಣ್ಣದಾಯಿತು. ಹುಡುಗರನ್ನೆಲ್ಲ ಊರಿಗೆ ಕಳಿಸಿ ಫ್ರಿಜ್ ಖಾಲಿ ಮಾಡಿದ್ದನ್ನು ಹೆಂಡತಿಗೂ ಪೂರ್ತಿ ಹೇಳಿರಲಿಲ್ಲವಂತೆ.

ಆಮೇಲೆ ಕೇಳಿದೆ: "ಈ ಪ್ರಮಾಣಪತ್ರವನ್ನು ಯಾರು ಓದುತ್ತಾರೆ ಅಂತ ನಿಮ್ಮ ಲೆಕ್ಕ?"

"ಎಲ್ಲರೂ."

ಇಲ್ಲಿ ಒಂದು ಮಾತು. ನಮ್ಮ ಜಾತಿ ಸಂಘ, ಊರ ಸಂಘಗಳು ಮಕ್ಕಳಿಗೆ ಕೊಡುವ ನೆರವು ದೊಡ್ಡದೇ. ಆದರೆ ಅದಕ್ಕೊಂದು ವೇದಿಕೆ ಇರುತ್ತದೆ, ಮೈಕಿನಲ್ಲಿ ಹೆಸರು ಕೂಗುತ್ತಾರೆ, ಚೆಕ್ಕು ಹಿಡಿದ ಫೋಟೋ ವಾಟ್ಸ್ಯಾಪಿನಲ್ಲಿ ಊರು ಸೇರುತ್ತದೆ. ಈ ಅಪ್ಪನ ಮನಸ್ಸಿನಲ್ಲಿ ವಿದ್ಯಾರ್ಥಿವೇತನ ಅಂದರೆ ಆ ಫೋಟೋ. ಸರ್ಕಾರದ್ದಕ್ಕೆ ವೇದಿಕೆ ಇಲ್ಲ. ಕಾಗದ ತಹಸೀಲ್ ಕಚೇರಿಯಿಂದ ಹೊರಡುತ್ತದೆ, ಕಾಲೇಜಿನ ಗುಮಾಸ್ತ ನೋಡುತ್ತಾನೆ, ಇಲಾಖೆ ನೋಡುತ್ತದೆ, ಹಣ ಖಾತೆಗೆ ಬೀಳುತ್ತದೆ. ಇದನ್ನು ಹೇಳಿದಾಗ ಅವರು ಮೊದಲ ಸಲ ಕುರ್ಚಿಗೆ ಒರಗಿದರು.

ಜೇಬಿನಿಂದ ಬಿಲ್ ಪ್ಯಾಡ್ ತೆಗೆದು ಹಿಂಬದಿಯಲ್ಲಿ ಲೆಕ್ಕ ಶುರುಮಾಡಿದರು, ರಾತ್ರಿ ಶಾಲೆಯ ಕನ್ನಡ ಅಂಕಿಗಳಲ್ಲಿ. ಬೋಧನಾ ಶುಲ್ಕ ವರ್ಷಕ್ಕೆ 1,20,000. ಅರ್ಧ 60,000. ನಾಲ್ಕು ವರ್ಷಕ್ಕೆ 2,40,000. ಅದರ ಕೆಳಗೆ, ನಾನು ಕೇಳದೆಯೇ, 22,000ವನ್ನು ಹನ್ನೆರಡರಿಂದ ಗುಣಿಸಿ ಬರೆದರು: 2,64,000. ಎರಡು ಸಂಖ್ಯೆಗಳನ್ನು ನೋಡುತ್ತ ಕೂತರು. ಇಷ್ಟರಲ್ಲಿ ಭಿಶಿ (ಚೀಟಿ ಹಣ) ಎತ್ತಿ ಶುಲ್ಕದ ಮೊದಲ ಕಂತು ಕಟ್ಟುವ ಯೋಚನೆಯಲ್ಲಿದ್ದರು.

ಅವರಿಗೆ ಕೊಟ್ಟ ಸಲಹೆಯಲ್ಲಿ ಮನಸ್ಸಿನದು ಕಡಿಮೆ, ಕಾಗದದ್ದು ಹೆಚ್ಚು. ಅವರ ಆಧಾರ್ ಇನ್ನೂ ಊರಿನ ವಿಳಾಸದಲ್ಲಿತ್ತು, ರೇಷನ್ ಕಾರ್ಡೂ ಊರಿನದೇ. ಕಾಗದದ ಮಟ್ಟಿಗೆ ಮೂವತ್ತೈದು ವರ್ಷದ ಮುಂಬಯಿ ಇರಲೇ ಇಲ್ಲ. ಮೊದಲು ಮನೆ ಬಾಡಿಗೆ ಕರಾರು ಹಿಡಿದು ಆಧಾರ್ ವಿಳಾಸ ಬದಲಿಸಿ. ಹೋಟೆಲ್ ಮಾಲೀಕರಿಂದ ಸಂಬಳದ ಚೀಟಿ ಕೇಳಿ. ಕೇಳಲು ಕಷ್ಟವಾದರೆ 'ಮಗನ ಕಾಲೇಜಿಗೆ' ಅನ್ನಿ, ಅದು ನಿಜವೇ. ಆಮೇಲೆ ಸರ್ಕಾರದ ಸೇವಾ ಕೇಂದ್ರದಲ್ಲಿ ಆದಾಯಕ್ಕೂ ಮಗನ ಅಧಿವಾಸಕ್ಕೂ (ಡೊಮಿಸೈಲ್ ಪ್ರಮಾಣಪತ್ರಕ್ಕೂ) ಒಟ್ಟಿಗೆ ಅರ್ಜಿ ಹಾಕಿ, ಹದಿನೈದು ದಿನ ಹಿಡಿಯುತ್ತದೆ ಎಂದುಕೊಂಡೇ ಹೊರಡಿ. ಸೀಟು ಸಿಗಲು ಇಲ್ಲೇ ಹುಟ್ಟಿ ಇಲ್ಲೇ ಓದಿದ್ದು ಸಾಕಾಗಿತ್ತು, ವಿದ್ಯಾರ್ಥಿವೇತನಕ್ಕೆ ಅಧಿವಾಸದ ದಾಖಲೆಯೇ ಬೇಕು. ಇದು ಗೊತ್ತಿಲ್ಲದೆ ಎಷ್ಟೋ ಮನೆಗಳು ಕೊನೆಯ ವಾರ ಓಡಾಡುತ್ತವೆ.

ಹುಡುಗನಿಗೆ ಹೇಳಿದ್ದು ಬೇರೆ. ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟ ಮಾತ್ರಕ್ಕೆ ಖಾತೆ ಹಣಕ್ಕೆ ಜೋಡಣೆಯಾಗುವುದಿಲ್ಲ. ಕೊನೆಯದಾಗಿ ಯಾವ ಬ್ಯಾಂಕು ಜೋಡಣೆ ಮಾಡಿದೆಯೋ ಆ ಖಾತೆಗೇ ದುಡ್ಡು ಹೋಗುತ್ತದೆ. ಅವನಿಗೆ ಎರಡು ಖಾತೆಗಳಿದ್ದವು, ಜೋಡಣೆ ಮರೆತುಹೋದ ಹಳೆಯದರಲ್ಲಿತ್ತು. ಹಣ ತಡವಾಗಿ ಬಂದರೆ ಗಾಬರಿಯಾಗಬೇಡ, ಈ ವರ್ಷದ ಖರ್ಚಿನ ಲೆಕ್ಕದಲ್ಲಿ ಅದನ್ನು ಹಿಡಿಯಲೂ ಬೇಡ. ಮತ್ತೆ, ರಾತ್ರಿ ಹತ್ತಾದ ಮೇಲೆ ಪೋರ್ಟಲ್ ತೆರೆಯಬೇಡ.

ಅರ್ಜಿ ತುಂಬುವ ದಿನ ಇಬ್ಬರೂ ನನ್ನ ಕೋಣೆಗೇ ಬಂದರು. ಅಪ್ಪನ ವಿವರದ ಜಾಗದಲ್ಲಿ ಒಂದು ಪ್ರಶ್ನೆ ಇದೆ: ಸಂಬಳದಾರರೇ? ಹೌದು, ಇಲ್ಲ. ಮಗನ ಬೆರಳು ಅಲ್ಲಿ ನಿಂತಿತು. ಅಪ್ಪ ಕನ್ನಡಕ ಏರಿಸಿ, ಫೋನು ತಮ್ಮ ಕಡೆ ತಿರುಗಿಸಿಕೊಂಡು ತಾವೇ 'ಹೌದು' ಒತ್ತಿದರು. "ಮುಂದಿನದು ನೋಡು," ಎಂದರು.

ಹತ್ತು ದಿನದಲ್ಲಿ ಅರ್ಜಿ ಕಾಲೇಜಿನಿಂದ ವಾಪಸು ಬಂತು. ಶಾಲೆಯ ಎಲ್‌ಸಿಯಲ್ಲಿ (ವರ್ಗಾವಣೆ ಪತ್ರದಲ್ಲಿ) ಹುಡುಗನ ಹೆಸರಿನ ನಡುವೆ ಅಪ್ಪನ ಹೆಸರು ಪೂರ್ತಿ, ಆಧಾರಿನಲ್ಲಿ ಇನಿಷಿಯಲ್ ಮಾತ್ರ. ಹುಡುಗ ಹೆದರಿ ಫೋನ್ ಮಾಡಿದ. ವಾಪಸು ಬಂದದ್ದು ತಿರಸ್ಕಾರವಲ್ಲ, ತಿದ್ದಿ ಕಳಿಸು ಎಂದೆ. ತಿದ್ದಿ ಕಳಿಸಿದ.

ಊರಿನಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ಹೇಳಿ ಎಂದು ನಾನೂ ಹೇಳಿಲ್ಲ. ಆದಾಯದ ದಾಖಲೆ ಮಾರ್ಚ್ ಕೊನೆಗೆ ಮುಗಿಯುತ್ತದಲ್ಲ, ಹೊಸದು ಮಾಡಿಸಲು ಏಪ್ರಿಲ್‌ನಲ್ಲಿ ಒಂದು ದಿನದ ರಜೆಯನ್ನು ಅಪ್ಪ ಮಾಲೀಕರ ಹತ್ತಿರ ಈಗಲೇ ಕೇಳಿಟ್ಟಿದ್ದಾರಂತೆ.