ದೆವ್ವ ಬಂತು, ಹೆದ್ರಿಕೆ ಬರ್ಲಿಲ್ಲ

ಪ್ರಶ್ನೆ: ಸರ್, ಹೋದ ತಿಂಗ್ಳು ಒಂದು ಹಾರರ್ ಕಾದಂಬರಿ ತಗೊಂಡೆ, ಹೆಸ್ರು ಹಾಕ್ಬೇಡಿ ಪ್ಲೀಸ್. ಊರಾಚೆ ಹಳೇ ಬಂಗ್ಲೆ, ಅಲ್ಲಿಗೆ ಬಂದು ಸೇರೋ ಗಂಡ, ಹೆಂಡ್ತಿ, ಮಗ, ಅತ್ತೆ. 12ನೇ ಪೇಜಿಗೇ ಬಿಳಿ ಸೀರೆ ಬಂದ್ಬಿಡ್ತು, ಆಮೇಲೆ 300 ಪೇಜ್ ಬರೀ ಬಾಗ್ಲು ಬಡ್ಕೊಳ್ಳೋದು, ಕೊನೆಗೆ ನೋಡಿದ್ರೆ ಮನೆ ಹೊಡ್ಕೊಳ್ಳೋಕೆ ಮೈದುನ ಆಡಿದ ನಾಟ್ಕ ಅಂತೆ! ಬೇಕಂತ್ಲೇ ಕರೆಂಟ್ ಹೋದ ರಾತ್ರಿ ಮೊಬೈಲ್ ಟಾರ್ಚ್ ಹಾಕ್ಕೊಂಡು ಓದಿದ್ರೂ ಆಕಳಿಕೆನೇ ಬಂತು. ನಮ್ಮನೆಯವ್ರು 'ನಿಂಗೆ ವಯಸ್ಸಾಯ್ತು' ಅಂತಾರೆ. ತಪ್ಪು ನಂದಾ, ಪುಸ್ತಕದ್ದಾ? ಎರಡನೇ ಭಾಗ ಬೇರೆ ಬರ್ತಿದೆಯಂತೆ, ತಗೊಳ್ಳೋದಾ?
– ಓದುಗಿ, ದಾವಣಗೆರೆ

ಉತ್ತರ: ವಯಸ್ಸಿನ ಮಾತು ಬಿಡಿ ತಾಯಿ, ಅದನ್ನ ನಾನೂ ಓದಿದೀನಿ, ನಂಗೂ ನಿದ್ದೆ ಬಂತು. ನನ್ನ ತಕರಾರು ದೆವ್ವದ ಮೇಲಲ್ಲ, ಮನೆ ಮೇಲೆ. ಕಥೆ ನಡೆಯೋದು ಚಿತ್ರದುರ್ಗದ ಹತ್ರ, ಆದ್ರೆ ಹಾಲ್‌ನಲ್ಲಿ ಚಳಿ ಕಾಯಿಸ್ಕೊಳ್ಳೋಕೆ ಬೆಂಕಿ ಗೂಡಂತೆ! ಏಪ್ರಿಲ್‌ನಲ್ಲಿ ನಮ್ಮ ಕಡೆ ಗೋಡೆ ಮುಟ್ಟಿದ್ರೇ ಕೈ ಚುರ್ ಅನ್ನುತ್ತೆ.

ನಮ್ಮಜ್ಜಿ ಊರು ದುರ್ಗದ ಕಡೇದೇ, ಮಣ್ಣಿನ ಮಾಳಿಗೆ ಮನೆ. ಹಗಲೆಲ್ಲಾ ಕಾದ ತೊಲೆ ರಾತ್ರಿ ತಣ್ಣಗಾಗ್ತಾ ಟಕ್ ಅನ್ನೋದು, ಜಂತೆ ಸಂದಿಯಿಂದ ಮುಖದ ಮೇಲೆ ಒಂದು ಚಿಟಿಕೆ ಮಣ್ಣು ಉದುರೋದು. ಅಂಗಳದಲ್ಲಿ ಹಗೇವು ಇತ್ತು, ಜೋಳ ತುಂಬಿಡೋ ನೆಲದ ಗುಂಡಿ, ಬಾಯಿಗೆ ಚಪ್ಪಡಿ. ತೆಗೆದ ದಿನ ಯಾರೂ ತಕ್ಷಣ ಇಳೀತಿರ್ಲಿಲ್ಲ, ಹಗ್ಗಕ್ಕೆ ಲಾಟೀನು ಕಟ್ಟಿ ಬಿಡೋರು. ಒಂದ್ಸಲ ಹಂಗೆ ಬಿಟ್ಟಾಗ ಅರ್ಧ ಇಳಿಯೋ ಹೊತ್ತಿಗೆ ಉರಿ ಸಣ್ಣಗಾಗಿ ಪುಸಕ್ ಅಂತ ಆರೋಯ್ತು, ಸುತ್ತ ನಿಂತಿದ್ದ ದೊಡ್ಡೋರು ಒಬ್ರೂ ಮಾತಾಡ್ಲಿಲ್ಲ. ಮುಚ್ಚಿಟ್ಟ ಕಾಳು ಒಳಗಿನ ಆಮ್ಲಜನಕ ಎಳ್ಕೊಂಡು ಕಾರ್ಬನ್ ಡೈಆಕ್ಸೈಡ್ ಬಿಡುತ್ತೆ, ಅದು ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತೆ, ಗೊತ್ತಿಲ್ದೆ ಇಳಿದೋರು ಸತ್ತಿದ್ದೂ ಉಂಟು ಅಂತ ಆಮೇಲೆ ಓದಿ ತಿಳೀತು, ಆದ್ರೂ ಇವತ್ತಿಗೂ ಹಗೇವಿನ ಚಪ್ಪಡಿ ಕಂಡ್ರೆ ನಾನು ಸುತ್ತಾಕ್ಕೊಂಡೇ ಹೋಗೋದು. ಕಾರಣ ಗೊತ್ತಾದ್ಮೇಲೂ ನನ್ನ ಹೆದ್ರಿಕೆ ಉಳೀತಲ್ಲ, ಈ ಮಹರಾಯ ಮೈದುನನ್ನ ತಂದ ತಕ್ಷಣ ಇದ್ದ ಚೂರೂ ಹೋಯ್ತು.

ಅಮೆರಿಕದ ಶರ್ಲಿ ಜಾಕ್ಸನ್ 1959ರಲ್ಲಿ 'ದಿ ಹಾಂಟಿಂಗ್ ಆಫ್ ಹಿಲ್ ಹೌಸ್' ಬರೆದ್ರು. ಅದ್ರಲ್ಲಿ ಒಬ್ಳು ಕತ್ತಲಲ್ಲಿ ಗೆಳತಿ ಕೈ ಅಂತ ಗಟ್ಟಿಯಾಗಿ ಹಿಡ್ಕೊಂಡಿರ್ತಾಳೆ, ದೀಪ ಹತ್ತಿದ್ರೆ ಗೆಳತಿ ದೂರದಲ್ಲಿ ತನ್ನ ಮಂಚದ ಮೇಲಿದಾಳೆ. ಹಂಗಾದ್ರೆ ಕೈ ಯಾರ್ದು? ಜಾಕ್ಸನ್ ಹೇಳೋದೇ ಇಲ್ಲ. ನಮ್ಮಲ್ಲೂ ಬಾಗ್ಲ ಮೇಲೆ 'ನಾಳೆ ಬಾ' ಬರೆದ ಕಾಲ ಇತ್ತಲ್ಲ, ಮನೆಯವ್ರ ದನೀಲೇ ಕರೆಯುತ್ತೆ ಅಂತಿದ್ರೇ ಹೊರ್ತು ಕಣ್ಣಾರೆ ಕಂಡೋರು ಯಾರೂ ಸಿಗ್ಲಿಲ್ಲ. ಇವ್ರಿಗೆ ಮಾತ್ರ 12ನೇ ಪೇಜಿನ ಅವಸರ.

ಎರಡನೇ ಭಾಗ ಲೈಬ್ರರಿಗೆ ಬಂದ್ರೆ ಓದಿ, ದುಡ್ಡು ಕೊಟ್ಟು ಬೇಡ, ಆ ದುಡ್ಡಲ್ಲಿ ನಿಮ್ಮೂರಲ್ಲೇ ಮನೆಮಂದಿಯೆಲ್ಲಾ ಬೆಣ್ಣೆದೋಸೆ ತಿನ್ಬೋದು. ಒಂದೇ ಒಂದು ಕಡೆ ಮಾತ್ರ ನಂಗೆ ಮೈ ಜುಂ ಅಂದಿತ್ತು: ಮನೇಲಿರೋದು ನಾಲ್ಕೇ ಜನ, ಅತ್ತೆ ದಿನಾ ಐದು ತಟ್ಟೆ ಇಡ್ತಾಳೆ, ಯಾರೂ ಯಾಕೆ ಅಂತ ಕೇಳಲ್ಲ. ಬರೆದೋರು ಅದನ್ನ ಅಲ್ಲೇ ಮರ್ತು ಮೈದುನನ ಹಿಂದೆ ಓಡಿದಾರೆ. ಎರಡನೇ ಭಾಗದಲ್ಲಿ ಆ ಐದನೇ ತಟ್ಟೆ ಮತ್ತೆ ಬಂದ್ರೆ ನಂಗೊಂದು ಕಾರ್ಡ್ ಹಾಕಿ, ನಾನೇ ತಗೋತೀನಿ.